ಜಿನ್‌ಬಾವೊರಿಯ ಬಣ್ಣದ ಚುಕ್ಕೆಗಳು: ಮೇಲೆ ಹೊಲಿದದ್ದೋ, ಒಳಗೆ ಕೂರಿಸಿದ್ದೋ?

ಸೂಜಿಮೊನೆ

ನಮಸ್ಕಾರ ಎಲ್ಲರಿಗೂ. ಸಮುರಾಯ್ ಯೋಧರು ಕವಚದ ಮೇಲೆ ತೊಡುತ್ತಿದ್ದ ಜಿನ್‌ಬಾವೊರಿ ಎಂಬ ತೋಳಿಲ್ಲದ ಮೇಲಂಗಿಯ ಬಗ್ಗೆ ಕೇಳಬೇಕಿತ್ತು. ಸೆಂದಾಯ್ ನಗರದ ಮ್ಯೂಸಿಯಂನಲ್ಲಿ ದಾತೆ ಮಸಾಮುನೆಯ (1567–1636) ಹೆಸರಿನದೊಂದಿದೆ. ನೇರಳೆ ಉಣ್ಣೆಬಟ್ಟೆ, ಅದರ ತುಂಬ ಐದು ಬಣ್ಣದ, ಹಲವು ಅಳತೆಯ ಗುಂಡು ಚುಕ್ಕೆಗಳು. ಫೋಟೋ ಎಷ್ಟು ಹಿಗ್ಗಿಸಿ ನೋಡಿದರೂ ಚುಕ್ಕೆಯ ಅಂಚಿನಲ್ಲಿ ಮಡಿಕೆ ಇಲ್ಲ, ಹೊಲಿಗೆಯೂ ಕಾಣುವುದಿಲ್ಲ. ತೇಪೆಯಂತೆ ಮೇಲೆ ಹಾಕಿದ್ದರೆ ಅಂಚು ಸ್ವಲ್ಪವಾದರೂ ಉಬ್ಬಬೇಕಿತ್ತಲ್ಲವೇ?

ಜವಳಿ ವಿಭಾಗದ ಪ್ರದರ್ಶನಕ್ಕೆ ಪೂರ್ತಿ ಅಳತೆಯ ಪ್ರತಿಯೊಂದನ್ನು ಮಾಡಬೇಕಾಗಿದೆ. ತಿಳಿಯಬೇಕಾದದ್ದು ಇಷ್ಟು: ಚುಕ್ಕೆ ಕೂರಿಸುವ ಕ್ರಮ ಯಾವುದು? ನಮ್ಮಲ್ಲಿ ಸಿಗುವ ಬಟ್ಟೆಗಳಲ್ಲಿ ಯಾವುದು ಹತ್ತಿರ, ಎಷ್ಟು ಬೇಕು? ಕೊರಳಪಟ್ಟಿಯ ಕಿನ್‌ರಾನ್ ಎಂಬ ಚಿನ್ನದ ನೇಯ್ಗೆಯ ಬಟ್ಟೆಗೆ ಬದಲು ನಮ್ಮ ಜರಿ ಬಟ್ಟೆ ಹಾಕಬಹುದೇ? ಮಾಡಿದ ಮೇಲೆ ತೂಗುಹಾಕುವುದು ಹೇಗೆ? ಪಾಲಿಯೆಸ್ಟರ್ ಫೆಲ್ಟ್‌ನಲ್ಲಿ ಮಾಡಿದ ಮಾದರಿ ತುಂಡು ಹಿಗ್ಗಿ ಸೊಟ್ಟಗಾಯಿತು.

ಹಾಸುಹೊಕ್ಕು

ನಿಮ್ಮ ಅನುಮಾನ ಸರಿ. ಅದು ತೇಪೆಯಲ್ಲ. ನೆಲದ ಬಟ್ಟೆಯಲ್ಲಿ, ಅಂದರೆ ಚುಕ್ಕೆಗಳ ಹಿನ್ನೆಲೆಯ ಮುಖ್ಯ ಬಟ್ಟೆಯಲ್ಲಿ, ಗುಂಡಗೆ ತೂತು ಕತ್ತರಿಸಿ, ಅದೇ ಅಳತೆಯ ಬೇರೆ ಬಣ್ಣದ ಬಿಲ್ಲೆಯನ್ನು ತೂತಿನೊಳಗೆ ಕೂರಿಸಿ, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಈ ಕೆಲಸಕ್ಕೆ ಜಪಾನಿಯಲ್ಲಿ ಕಿರಿಬಾಮೆ ಎಂದು ಹೆಸರು: ಕತ್ತರಿಸಿ ಕೂರಿಸುವುದು. ಮೇಲೆ ಇಟ್ಟು ಹೊಲಿಯುವುದು ಕಿರಿತ್ಸುಕೆ. ನಮ್ಮ ಕೌದಿಯ ತೇಪೆ ಎರಡನೆಯ ಜಾತಿಯದು. ಮುಟ್ಟಲು ಅವಕಾಶವಿಲ್ಲದ ವಸ್ತುವಿನಲ್ಲಿ ಇವೆರಡನ್ನೂ ಬೇರೆ ಮಾಡಲು ಓರೆ ಬೆಳಕು ಸಾಕು. ಪಕ್ಕದಿಂದ ಬೆಳಕು ಬಿದ್ದಾಗ ಕಿರಿತ್ಸುಕೆಯ ಅಂಚಿಗೆ ಒಂದು ಬದಿಯಲ್ಲಿ ಸಣ್ಣ ನೆರಳು ಬೀಳುತ್ತದೆ, ಕಿರಿಬಾಮೆಗೆ ಬೀಳುವುದಿಲ್ಲ. ಅಸ್ತರು ಬಿಚ್ಚಿದ ತುಂಡಾದರೆ ಇನ್ನೂ ಸುಲಭ, ಹಿಂಬದಿಯಲ್ಲೂ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ.

ಈ ಕಲೆ ಸಾಧ್ಯವಾದದ್ದೇ ಬಟ್ಟೆಯ ಗುಣದಿಂದ, ಅದನ್ನು ಮೊದಲು ಹಿಡಿಯಬೇಕು. ಆ ಕಾಲದ ಜಪಾನಿನಲ್ಲಿ ಕುರಿ ಸಾಕಣೆ ಇರಲಿಲ್ಲ. 1543ರಲ್ಲಿ ಪೋರ್ಚುಗೀಸರು ತಾನೆಗಾಶಿಮಾ ದ್ವೀಪಕ್ಕೆ ಬಂದರು. ಅವರ ಹಡಗುಗಳಲ್ಲಿ ಯುರೋಪಿನ ದಪ್ಪ ಉಣ್ಣೆಬಟ್ಟೆ ಬರತೊಡಗಿತು. ಪೋರ್ಚುಗೀಸಿನ 'ರಾಶ' ಜಪಾನಿಯಲ್ಲಿ 'ರಾಶಾ' ಆಯಿತು. ಅದಕ್ಕಿಂತ ತೆಳು, ಸ್ವಲ್ಪ ಒರಟು ಬಟ್ಟೆ ರಾಸೆಯಿತಾ. ಮಸಾಮುನೆಯ ಜಿನ್‌ಬಾವೊರಿಯ ನೇರಳೆ ನೆಲ ಇದೇ. ಕನ್ನಡದಲ್ಲಿ ಇಂಥ ಬಟ್ಟೆಗೆ ಸಕಲಾತಿ ಎಂಬ ಹಳೆಯ ಮಾತಿದೆ, ಅರಮನೆಯ ದಾಖಲೆ ಓದುವವರಿಗೆ ಪರಿಚಯವಿರುತ್ತದೆ. ನೇಯ್ದ ಮೇಲೆ ಬಿಸಿನೀರು, ಸಾಬೂನಿನಂಥ ದ್ರವದಲ್ಲಿ ತುಳಿದು ಕುಗ್ಗಿಸಿದಾಗ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹಾಸುಹೊಕ್ಕು ಕಣ್ಣಿಗೆ ಕಾಣದಷ್ಟು ಬಿಗಿಯಾಗುತ್ತವೆ. ಹಾಗಾಗಿ ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ, ಮಡಚಿ ಹೊಲಿಯುವ ಅಗತ್ಯವೇ ಬೀಳುವುದಿಲ್ಲ. ರೇಷ್ಮೆಯಲ್ಲಿ ಹೀಗೆ ಮಾಡಿ ನೋಡಿ, ಎರಡೇ ದಿನದಲ್ಲಿ ಬಿಲ್ಲೆ ಕಿತ್ತು ಕೈಗೆ ಬರುತ್ತದೆ. ಇನ್ನೊಂದು ಅನುಕೂಲ ಅಗಲದ್ದು. ಜಪಾನಿನ ಕಿಮೊನೊ ಬಟ್ಟೆಯ ಪನ್ನ ಸುಮಾರು 36–38 ಸೆಂ.ಮೀ., ಬೆನ್ನಿಗೆ ನಡುವೆ ಜೋಡಣೆ ಬಂದೇ ಬರುತ್ತದೆ. ಯುರೋಪಿನ ಉಣ್ಣೆಬಟ್ಟೆ ಅದಕ್ಕಿಂತ ಎಷ್ಟೋ ಅಗಲ. ಬೆನ್ನು ಇಡಿಯಾಗಿ ಒಂದು ಚಿತ್ರಪಟವಾಗಿ ಸಿಕ್ಕಿತು. ಕೊಬಾಯಾಕಾವಾ ಹಿದೆಯಾಕಿ ಎಂಬ ಯೋಧನದೆನ್ನುವ ಕೆಂಪು ಜಿನ್‌ಬಾವೊರಿಯ ಬೆನ್ನಿನ ಮೇಲೆ ಎರಡು ಕುಡುಗೋಲು ಅಡ್ಡಡ್ಡ ನಿಂತಿರುವುದನ್ನು ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿ ನೋಡಬಹುದು. ಅಷ್ಟು ದೊಡ್ಡ ಚಿತ್ರಕ್ಕೆ ಆ ಅಗಲವೇ ಆಸರೆ.

ನಿಮಗೆ ಬೇಕಾದ್ದು ಮೆಲ್ಟನ್ ಎಂದು ಮಾರುವ ಓವರ್‌ಕೋಟಿನ ಬಟ್ಟೆ, ಪೂರ್ತಿ ಉಣ್ಣೆಯದು, ಚದರ ಮೀಟರಿಗೆ 550ರಿಂದ 650 ಗ್ರಾಂ. ಬ್ಲೇಝರಿನ ಫ್ಲಾನೆಲ್ ಆಗದು, ಎಳೆ ಬಿಡುತ್ತದೆ. ನಮ್ಮ ಕುರುಬರ ಕಂಬಳಿಯೂ ಆಗದು. ಅದರ ಬಿಗಿ ಬಹುಪಾಲು ಹುಣಸೆಬೀಜದ ಗಂಜಿಯಿಂದ ಬಂದದ್ದು, ತುಳಿತದಿಂದಲ್ಲ. ಪಾಲಿಯೆಸ್ಟರ್ ಫೆಲ್ಟ್‌ನಲ್ಲಿ ಹಾಸುಹೊಕ್ಕೇ ಇಲ್ಲ, ಎಳೆದತ್ತ ಹೋಗುತ್ತದೆ, ನಿಮಗಾದದ್ದು ಅದೇ. ಅಂಗಡಿಯಲ್ಲಿ ಪರೀಕ್ಷೆ ಹೀಗೆ ಮಾಡಿ: 5 ಸೆಂ.ಮೀ. ಚೌಕದ ಚೂರೊಂದನ್ನು ಕೇಳಿ ತೆಗೆದುಕೊಂಡು, ಕತ್ತರಿಸಿದ ಅಂಚನ್ನು ಹೆಬ್ಬೆರಳಿನಿಂದ ಇಪ್ಪತ್ತು ಸಲ ಉಜ್ಜಿ. ಒಂದೇ ಒಂದು ಎಳೆ ಹೊರಬಂದರೂ ಆ ಬಟ್ಟೆ ಬಿಟ್ಟುಬಿಡಿ.

ಲೆಕ್ಕ: ಉದ್ದ 85 ಸೆಂ.ಮೀ., ಬೆನ್ನಿನ ಅಗಲ 60, ಮುಂಭಾಗದ ಎರಡು ಪಟ್ಟಿ ತಲಾ 30 ಎಂದಿಟ್ಟುಕೊಂಡರೆ ಅಡ್ಡಕ್ಕೆ 120 ಬೇಕು. ಪನ್ನ 150 ಇದ್ದರೆ ಎಲ್ಲವೂ ಒಂದೇ ಉದ್ದದಲ್ಲಿ ಕೂರುತ್ತದೆ. ಕುಗ್ಗುವುದಕ್ಕೂ ಕೊರಳಿಗೂ ಸೇರಿಸಿ 1.25 ಮೀಟರ್ ತನ್ನಿ. ಬಿಲ್ಲೆಗಳಿಗೆ ಐದು ಬಣ್ಣ, ತಲಾ ಕಾಲು ಮೀಟರ್. ಬಿಲ್ಲೆಯ ಬಟ್ಟೆ, ನೆಲದ ಬಟ್ಟೆ ಎರಡರ ದಪ್ಪವೂ ಒಂದೇ ಇರಲಿ. ಇಲ್ಲಿ ರಾಜಿ ಬೇಡ.

ಕತ್ತರಿಸುವ ಮೊದಲು ಎಲ್ಲ ಬಟ್ಟೆಗೂ ಹಬೆ ಕೊಟ್ಟು, ನೆರಳಲ್ಲಿ ಚಪ್ಪಟೆಯಾಗಿ ಹರವಿ ಒಣಗಿಸಿ. ಹಬೆ ಕೊಡದೆ ಕೂರಿಸಿದರೆ ಕೊನೆಯ ಇಸ್ತ್ರಿಯಲ್ಲಿ ಒಂದು ಹೆಚ್ಚು, ಒಂದು ಕಮ್ಮಿ ಕುಗ್ಗಿ ಅಂಚಿನಲ್ಲಿ ಬಿರುಕು ತೆರೆಯುತ್ತದೆ. ಬಳಿಕ ದಪ್ಪ ರಟ್ಟಿನಲ್ಲಿ ಗುಂಡು ಅಚ್ಚು ಮಾಡಿ. ತೂತನ್ನು ಅಚ್ಚಿನ ಅಳತೆಗೆ ಸರಿಯಾಗಿ, ಬಿಲ್ಲೆಯನ್ನು ಸುತ್ತಲೂ ಅರ್ಧ ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ. ಆ ಅರ್ಧ ಮಿಲಿಮೀಟರೇ ಬಿಗಿ ಕೊಡುವುದು. ಕತ್ತರಿ ಬೇಡ, ಹೊಸ ಬ್ಲೇಡಿನ ಚಾಕು ಹಿಡಿಯಿರಿ, ನೆಟ್ಟಗೆ. ಬ್ಲೇಡು ಓರೆಯಾದರೆ ಬಟ್ಟೆಯ ಮೇಲ್ಮುಖ ಸೇರಿದರೂ ತಳ ಸೇರುವುದಿಲ್ಲ, ಅಥವಾ ತಳ ಸೇರಿ ಮೇಲೆ ಸಂದು ಉಳಿಯುತ್ತದೆ. ಪ್ರತಿ ಬಿಲ್ಲೆಯ ಹಿಂಬದಿಗೆ ಚಾಕ್‌ನಲ್ಲಿ ಬಾಣದ ಗುರುತು ಹಾಕಿ. ರೋಮ ಮಲಗುವ ದಿಕ್ಕು ನೆಲಕ್ಕೂ ಬಿಲ್ಲೆಗೂ ಕೆಳಮುಖವಾಗಿಯೇ ಇರಬೇಕು, ತಿರುಗಿದ್ದರೆ ಒಂದೇ ಥಾನಿನಿಂದ ತೆಗೆದ ಎರಡು ಬಿಲ್ಲೆಗಳು ಎರಡು ಬಣ್ಣ ಕಾಣುತ್ತವೆ.

ಹೊಲಿಗೆಯೆಲ್ಲ ಹಿಂಬದಿಯಿಂದ. ಬಟ್ಟೆಯನ್ನು ಮಗುಚಿ ಹಾಸಿ, ಬಿಲ್ಲೆಯನ್ನು ತೂತಿನಲ್ಲಿ ಒತ್ತಿ ಕೂರಿಸಿ, ಗಡಿಯಾರದ 12, 6, 3, 9 ಇರುವ ಕಡೆ ಈ ಸರದಿಯಲ್ಲೇ ಒಂದೊಂದು ಕಚ್ಚಾ ಹೊಲಿಗೆ ಹಾಕಿ. ನಂತರ ಕಾಲುಭಾಗ ಕಾಲುಭಾಗವಾಗಿ ಮುಗಿಸಿ. ಒಂದೇ ಕಡೆಯಿಂದ ಸುತ್ತಿಕೊಂಡು ಹೋದರೆ ಬಟ್ಟೆ ಮುಂದೆ ಮುಂದೆ ಸರಿದು ಕೊನೆಯಲ್ಲಿ ಗಂಟು ನಿಲ್ಲುತ್ತದೆ. ಸೂಜಿ ಬಟ್ಟೆಯ ಅರ್ಧ ದಪ್ಪಕ್ಕೆ ಹೊಕ್ಕು, ಎದುರು ಅಂಚಿನ ಅರ್ಧ ದಪ್ಪದಲ್ಲಿ ಹೊರಬರಬೇಕು. ಮುಂಬದಿಗೆ ತೂರಲೇಬಾರದು. ನೆಲದ ಬಣ್ಣದ ಸಣ್ಣ ರೇಷ್ಮೆ ದಾರ, ಹೊಲಿಗೆಗಳ ನಡುವೆ 2 ಮಿ.ಮೀ. ಅಂತರ. 6 ಸೆಂ.ಮೀ. ಅಡ್ಡಗಲದ ಬಿಲ್ಲೆಯ ಸುತ್ತಳತೆ 18.8 ಸೆಂ.ಮೀ., ಅಂದರೆ ಒಂದಕ್ಕೇ 94 ಹೊಲಿಗೆ. ಸಮಯದ ಅಂದಾಜು ಹಾಕುವಾಗ ಇದು ನೆನಪಿರಲಿ. ದಾರ ಜಗ್ಗಬೇಡಿ, ಅಂಚುಗಳು ಮುಟ್ಟಿದರೆ ಸಾಕು.

ಮುಗಿದ ಮೇಲೆ ಹಿಂಬದಿಗೆ ಒದ್ದೆ ಪಂಚೆ ಹಾಸಿ ಇಸ್ತ್ರಿ ಇಟ್ಟು ಎತ್ತಿ, ಇಟ್ಟು ಎತ್ತಿ. ಎಳೆಯಬೇಡಿ. ತಣ್ಣಗಾದ ಮೇಲೆ ಮುಂಬದಿಯನ್ನು ಮೆತ್ತನೆಯ ಬ್ರಷ್‌ನಿಂದ ರೋಮದ ದಿಕ್ಕಿಗೆ ತೀಡಿದರೆ ಜೋಡಣೆಯ ಗೆರೆ ಮುಚ್ಚಿಕೊಳ್ಳುತ್ತದೆ. ಫೋಟೋದಲ್ಲಿ ನಿಮಗೆ ಹೊಲಿಗೆ ಕಾಣದಿರುವುದು ಇದರಿಂದಲೇ. ಬೆನ್ನಿನ ಕೆಳಗೆ ಕುದುರೆ ಏರಲು ಬಿಟ್ಟ ಸೀಳು ಬರುತ್ತದೆ, ಬಿಲ್ಲೆ ಅದರ ಮೇಲೆ ಬೀಳದಂತೆ ಮೊದಲೇ ಕಾಗದದ ಮೇಲೆ ಜೋಡಿಸಿ ನೋಡಿಕೊಳ್ಳಿ.

ಮಂಜಿಷ್ಠ

ಮೇಲಿನವರು ಹೊಲಿಗೆಯ ಮಾತು ಪೂರ್ತಿ ಹೇಳಿದ್ದಾರೆ. ಬಣ್ಣದ ಮಾತು ನನ್ನದು, ಯಾಕೆಂದರೆ ಪ್ರತಿಗಳು ಸಾಮಾನ್ಯವಾಗಿ ಕೆಡುವುದು ಇಲ್ಲೇ.

ಹಿದೆಯಾಕಿಯ ಮೇಲಂಗಿಯ ಕೆಂಪಿಗೆ ಜಪಾನಿಯಲ್ಲಿ ಶೋಜೋಹಿ ಎಂದು ಹೆಸರು. ಶೋಜೋ ಎಂದರೆ ಕೆಂಗೂದಲಿನ, ಮದ್ಯಪ್ರಿಯವಾದ ಒಂದು ಪೌರಾಣಿಕ ಜೀವಿ. ಕಡುಗೆಂಪೂ ಅಲ್ಲದ ಕಿತ್ತಳೆಯೂ ಅಲ್ಲದ ಉರಿಗೆಂಪು ಅದು. ಹುಳದಿಂದ ತೆಗೆದ ಬಣ್ಣ. ಕನ್ನಡದ 'ಕಿರಮಂಜಿ' ಎಂಬ ಮಾತೂ ಅದೇ ಬಣ್ಣದ ಹುಳದ ಪರ್ಷಿಯನ್ ಹೆಸರಿನಿಂದ ಬಂದದ್ದು. ಹುಳದ ಕೆಂಪನ್ನು ಉಣ್ಣೆ ಹಿಡಿದಷ್ಟು ಚೆನ್ನಾಗಿ ಹತ್ತಿ ಹಿಡಿಯದು. ಹತ್ತಿಬಟ್ಟೆಗೆ ಅದೇ ಕೆಂಪು ತರಲು ಹೋಗಬೇಡಿ. ನಿಮ್ಮ ಚುಕ್ಕೆಗಳಲ್ಲಿ ಕೆಂಪೂ ಬಿಳಿಯೂ ಇವೆ. ಕೆಂಪು ಬಟ್ಟೆಯ ಮೇಲೆ ಒದ್ದೆ ಬಿಳಿ ಹತ್ತಿಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಗುಲಾಬಿ ತಾಗಿದರೆ ಆ ಬಟ್ಟೆ ಬಳಸಬೇಡಿ, ಕೊನೆಯ ಹಬೆಯಲ್ಲಿ ಬಿಳಿ ಬಿಲ್ಲೆಗಳೆಲ್ಲ ಕೆಡುತ್ತವೆ.

ಯೋಧರ ಉಡುಪಿನ ಬಣ್ಣದ ಬಗ್ಗೆ ಅತಿ ದೊಡ್ಡ ಪಾಠ ಇರುವುದು ಮೇಲಂಗಿಯಲ್ಲಲ್ಲ, ಕವಚದ ಹುರಿಯಲ್ಲಿ. ಅರಗಿನೆಣ್ಣೆ ಬಳಿದ ಸಣ್ಣ ಬಿಲ್ಲೆಗಳನ್ನು ಹೆಣೆದ ರೇಷ್ಮೆಹುರಿಯಿಂದ ಸಾಲು ಸಾಲಾಗಿ ಪೋಣಿಸುವುದಕ್ಕೆ ಓದೊಶಿ ಎನ್ನುತ್ತಾರೆ. ಒಂದು ಕವಚಕ್ಕೆ ನೂರಾರು ಮೀಟರ್ ಹುರಿ ಬೇಕು. ದೂರದಿಂದ ಕಾಣುವ ಬಣ್ಣವೆಲ್ಲ ಈ ಹುರಿಯದೇ. ಟೋಕಿಯೊದ ಪಶ್ಚಿಮದ ಬೆಟ್ಟದಲ್ಲಿರುವ ಮುಸಾಶಿ ಮಿತಾಕೆ ದೇಗುಲದಲ್ಲಿ ಹಾತಾಕೆಯಾಮಾ ಶಿಗೆತಾದಾ ಅರ್ಪಿಸಿದ್ದೆನ್ನುವ ಕೆಂಪು ಹುರಿಯ ಕವಚವಿದೆ. ಮೇಜಿ ಕಾಲದಲ್ಲಿ, 1903ರಲ್ಲಿ, ಅದನ್ನು ದುರಸ್ತಿ ಮಾಡಿದಾಗ ಹೋದ ಕಡೆಗೆ ರಾಸಾಯನಿಕ ಬಣ್ಣದ ಹುರಿ ಹಾಕಿದರು. ಹಾಗೆ ಹಾಕಿದ ಹುರಿ ಇಂದು ಮಾಸಿ ಗುಲಾಬಿಗೆ ತಿರುಗಿದೆ. ಅದರ ಪಕ್ಕದಲ್ಲೇ ಅಕಾನೆ ಎಂಬ ಗಿಡದ ಬೇರಿನಿಂದ ಬಣ್ಣ ಹಾಕಿದ ನೂರಾರು ವರ್ಷ ಹಳೆಯ ಹುರಿ ಕೆಂಪಾಗಿಯೇ ನಿಂತಿದೆ. ಒಂದೇ ಕವಚ, ಒಂದೇ ಗಾಳಿ, ಒಂದೇ ಬೆಳಕು. ಸಸ್ಯದ ಬಣ್ಣ ಬೇಗ ಮಾಸುತ್ತದೆ ಎಂಬ ಮಾತು ಕೇಳಿದಾಗಲೆಲ್ಲ ಈ ಹುರಿ ನನ್ನ ಕಣ್ಣಮುಂದೆ ಬರುತ್ತದೆ. ಮಾಸುವುದು ಸಸ್ಯವೋ ರಾಸಾಯನಿಕವೋ ಎಂಬುದರ ಮೇಲಲ್ಲ, ಯಾವ ಬಣ್ಣ, ಯಾವ ಒಗರು (ಬಣ್ಣವನ್ನು ಎಳೆಗೆ ಕಚ್ಚಿಸುವ ವಸ್ತು) ಎಂಬುದರ ಮೇಲೆ ನಿಂತಿದೆ. ಕುಸುಬೆ ಹೂವಿನ ಗುಲಾಬಿಯೂ ಸಸ್ಯದ್ದೇ, ಬೆಳಕಿಗೆ ಅದು ನಿಲ್ಲುವುದಿಲ್ಲ.

ಅಕಾನೆ ನಮ್ಮ ಮಂಜಿಷ್ಠದ ಹತ್ತಿರದ ನಂಟು. ಜಪಾನಿನಲ್ಲಿ ಒಗರಿಗೆ ತ್ಸುಬಾಕಿ ಮರದ ಬೂದಿ ಬಳಸುತ್ತಾರೆ, ಆ ಬೂದಿಯಲ್ಲಿ ಅಲ್ಯೂಮಿನಿಯಂ ಹೇರಳ. ನಮ್ಮಲ್ಲಿ ಅದೇ ಕೆಲಸವನ್ನು ಪಟಿಕ ಮಾಡುತ್ತದೆ. ಮೇಲಂಗಿಯ ಗುಂಡಿಯ ಹುರಿ, ಕುಚ್ಚುಗಳನ್ನು ನೀವೇ ಬಣ್ಣ ಹಾಕುವುದಾದರೆ 100 ಗ್ರಾಂ ರೇಷ್ಮೆಗೆ 15 ಗ್ರಾಂ ಪಟಿಕ, 150 ಗ್ರಾಂ ಮಂಜಿಷ್ಠದ ಪುಡಿ. ಪಟಿಕದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಬಣ್ಣದ ನೀರಿಗೆ ತಣ್ಣಗಿರುವಾಗಲೇ ಹಾಕಿ, ಒಂದು ಗಂಟೆಯಲ್ಲಿ ನಿಧಾನವಾಗಿ 65–70 ಡಿಗ್ರಿಗೆ ಏರಿಸಿ, ಅಲ್ಲೇ ಒಂದು ಗಂಟೆ ಹಿಡಿದು, ಅದೇ ನೀರಿನಲ್ಲಿ ಆರಲು ಬಿಡಿ. ಕುದಿಸಿದರೆ ಬೇರಿನ ಕಂದು ಬಣ್ಣವೂ ಇಳಿದು ಕೆಂಪು ಇಟ್ಟಿಗೆಯಂತಾಗುತ್ತದೆ. ಕಬ್ಬಿಣದ ಪಾತ್ರೆ ಬೇಡ. ಬೋರ್‌ವೆಲ್ ನೀರಲ್ಲಿ ಕಬ್ಬಿಣವಿದ್ದರೆ ಅದೂ ಬೇಡ, ಮಳೆನೀರು ಹಿಡಿದು ಒಂದು ಚಿಟಿಕೆ ಸೀಮೆಸುಣ್ಣದ ಪುಡಿ ಹಾಕಿ.

ಕಪ್ಪು ಹುರಿಗೆ ಮಾತ್ರ ಹಳೆಯ ಕ್ರಮ ಹಿಡಿಯಬೇಡಿ. ಒಗರುಕಾಯಿ ಮತ್ತು ಕಬ್ಬಿಣದಿಂದ ಮಾಡಿದ ಕಪ್ಪು ರೇಷ್ಮೆಯನ್ನೇ ತಿನ್ನುತ್ತದೆ. ಜಪಾನಿನ ಹಳೆಯ ಕಸೂತಿಗಳಲ್ಲಿ ಬೇರೆ ಬಣ್ಣಗಳೆಲ್ಲ ಉಳಿದು ಕಪ್ಪು, ಕಂದು ಎಳೆಗಳಷ್ಟೇ ಪುಡಿಯಾಗಿ ಉದುರಿ, ತಳದ ಗೆರೆ ಕಾಣುವುದು ಇದೇ ಕಾರಣಕ್ಕೆ.

ಕಪಾಟಿನ ಕೀಲಿ

ಕಿನ್‌ರಾನ್ ಮತ್ತು ತೂಗುಹಾಕುವ ಪ್ರಶ್ನೆ ಉಳಿದಿದೆ.

ಕಿನ್‌ರಾನ್‌ನ ಚಿನ್ನ ನಮ್ಮ ಜರಿಯಲ್ಲ. ನಮ್ಮ ಜರಿಯಲ್ಲಿ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆ ಎಳೆಯ ಸುತ್ತ ಸುತ್ತಿ, ಚಿನ್ನದ ನೀರು ಕೊಟ್ಟಿರುತ್ತಾರೆ. ಕಿನ್‌ರಾನ್‌ನಲ್ಲಿ ಕಾಗದಕ್ಕೆ ಅರಗಿನೆಣ್ಣೆ ಬಳಿದು, ಚಿನ್ನದ ರೇಕು ಅಂಟಿಸಿ, ಕೂದಲಿನಂತೆ ಸಣ್ಣ ಪಟ್ಟಿಗಳಾಗಿ ಸೀಳಿ, ಆ ಚಪ್ಪಟೆ ಪಟ್ಟಿಯನ್ನೇ ಒಂದೊಂದಾಗಿ ಹೊಕ್ಕಾಗಿ ನೇಯುತ್ತಾರೆ. ಅದರ ಹೊಳಪು ಕನ್ನಡಿಯ ಚೂರಿನಂತೆ ಚಪ್ಪಟೆ, ಜರಿಯದು ದುಂಡಗಿನ ಮಿನುಗು. ಪ್ರತಿಗೆ ಜರಿ ಹಾಕುವುದಾದರೆ ಉಬ್ಬಿದ ಬುಟ್ಟಾ ಇರುವ ಬನಾರಸಿ ಕಿನ್‌ಕಾಬ್ ತೆಗೆದುಕೊಳ್ಳಿ, ಅರ್ಧ ಮೀಟರ್ ಸಾಕು, ವಿವರಣೆಯ ಫಲಕದಲ್ಲಿ ಬದಲಿ ಬಟ್ಟೆ ಎಂದು ಬರೆಯಿರಿ. ನಿಜವಾದ ಕಿನ್‌ರಾನ್ ಸಿಕ್ಕರೆ ಮಡಚಬೇಡಿ, ಹಬೆ ತಾಗಿಸಬೇಡಿ. ಮಡಿಕೆಯಲ್ಲಿ ಕಾಗದ ಮುರಿಯುತ್ತದೆ, ಒದ್ದೆಯಲ್ಲಿ ರೇಕು ಏಳುತ್ತದೆ. ಹಾಗಾಗಿ ಚುಕ್ಕೆಗಳ ಹಬೆಯ ಕೆಲಸವೆಲ್ಲ ಮುಗಿದ ಮೇಲೆಯೇ ಕೊರಳಪಟ್ಟಿ ಹೊಲಿಯಿರಿ.

ಅಸ್ತರಿನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ, ಇಲ್ಲಿ ನಮ್ಮ ಕರಾವಳಿಗಳ ನಂಟಿದೆ. ಕೋರಮಂಡಲದಲ್ಲಿ ಕೈಯಿಂದ ಬರೆದು, ಅಚ್ಚು ಹಾಕಿ ಮಾಡಿದ ಹತ್ತಿಯ ಚೀಟಿ ಬಟ್ಟೆ ಪೋರ್ಚುಗೀಸರ, ಆಮೇಲೆ ಡಚ್ಚರ ಹಡಗುಗಳಲ್ಲಿ ಜಪಾನಿಗೆ ಹೋಗಿ 'ಸರಾಸ' ಆಯಿತು. ಜಿನ್‌ಬಾವೊರಿಗಳ ಅಸ್ತರಾಗಿಯೂ ಬಂತು. ಮೈಲಾಪುರದ ಸಾಂ ತೋಮೆಯ ಹೆಸರಿನಿಂದ 'ಸಾಂತೋಮೆ' ಎಂಬ ಪಟ್ಟೆಬಟ್ಟೆ ಕೂಡ ಅಲ್ಲಿದೆ. ಕ್ಯೋತೋದ ಕೋದಾಯ್‌ಜಿ ದೇಗುಲದಲ್ಲಿರುವ ತೊಯೊತೊಮಿ ಹಿದೆಯೋಶಿಯ (1537–1598) ಜಿನ್‌ಬಾವೊರಿಯಂತೂ ಇಡಿಯಾಗಿ ಪರ್ಷಿಯಾದ ಸಫಾವಿ ಕಾಲದ ರೇಷ್ಮೆ ಜಮಖಾನೆಯನ್ನು ಕತ್ತರಿಸಿ ಹೊಲಿದದ್ದು. ಸಿಂಹ, ಹಕ್ಕಿ, ಜಿಂಕೆಗಳು ಅಂಗಿಯ ಅಳತೆಗೆ ಅಲ್ಲಲ್ಲಿ ತುಂಡಾಗಿವೆ. ನೆಲಕ್ಕೋ ಗೋಡೆಗೋ ನೇಯ್ದದ್ದು ಯೋಧನ ಹೆಗಲೇರಿತು. ಆ ನೇಯ್ಗೆಯ ಕತ್ತರಿಸಿದ ಅಂಚು ಉಣ್ಣೆಬಟ್ಟೆಯಂತೆ ನಿಲ್ಲದು, ಬಿಚ್ಚಿಕೊಳ್ಳುತ್ತದೆ. ಅಂಚಿಗೆಲ್ಲ ಪಟ್ಟಿ ಕಟ್ಟಲೇಬೇಕು. ನಿಮ್ಮ ಪ್ರತಿಗೆ ಕೈಯಿಂದ ಬರೆದ ಕಲಂಕಾರಿ ಹತ್ತಿ 2 ಮೀಟರ್ ಹಾಕಿದರೆ ಇತಿಹಾಸಕ್ಕೆ ದೂರವಾಗುವುದಿಲ್ಲ. ಹೊಲಿಯುವ ಮುಂಚೆ ಎರಡು ಸಲ ಒಗೆದು ಕುಗ್ಗಿಸಿ.

ಹ್ಯಾಂಗರ್ ಬೇಡವೇ ಬೇಡ. ಭಾರವೆಲ್ಲ ಹೆಗಲಿನ ಎರಡು ಬಿಂದುಗಳಿಗೆ ಬಿದ್ದು ಬಟ್ಟೆ ಅಲ್ಲಿ ಚೂಪಾಗುತ್ತದೆ, ಬಿಲ್ಲೆಯ ಜೋಡಣೆ ಬಾಯಿ ಬಿಡುತ್ತದೆ. 4–5 ಸೆಂ.ಮೀ. ದಪ್ಪದ ಅಡ್ಡಗೋಲಿಗೆ ಹತ್ತಿಯಂತೆ ಮೆತ್ತನೆಯ ಪಾಲಿಯೆಸ್ಟರ್ ಬ್ಯಾಟಿಂಗ್ ಸುತ್ತಿ, ಮೇಲೆ ಒಗೆದ ಮಸ್ಲಿನ್ ಹೊದಿಸಿ, ಒಂದು ತೋಳುದ್ವಾರದಿಂದ ಇನ್ನೊಂದರ ತನಕ ತೂರಿಸಿ, ಟಿ ಆಕಾರದ ನಿಲುವಿಗೆ ಕಟ್ಟಿ. ಬೆನ್ನು ನೋಡುವವರ ಕಡೆಗಿರಲಿ. ಈ ಉಡುಪಿನ ಮುಖವೇ ಬೆನ್ನು. ಬೆಳಕು 50 ಲಕ್ಸ್ ಮೀರದಿರಲಿ, ಕಿಟಕಿಯ ಎದುರು ಇಡಬೇಡಿ, ಆರ್ದ್ರತೆ 45–55 ಶೇಕಡ.

ಉಣ್ಣೆಯ ಮುಖ್ಯ ಶತ್ರು ಬಟ್ಟೆ ನುಸಿ. ಗರಿಗೂ ಅದೇ. ಓದಾ ನೊಬುನಾಗಾನದೆನ್ನುವ, ಅಗೆಹಾ ಚಿಟ್ಟೆಯನ್ನು ಗರಿಗಳಲ್ಲೇ ಮೂಡಿಸಿದ ಜಿನ್‌ಬಾವೊರಿ ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಇಂದಿಗೂ ಉಳಿದಿದೆ. ಅದರ ಹಿಂದಿನ ಕಾವಲು ಎಷ್ಟಿರಬೇಕೆಂದು ಗರಿಯ ವಸ್ತು ನೋಡಿಕೊಳ್ಳುವವರಿಗೆ ಗೊತ್ತು. ಜಪಾನಿನಲ್ಲಿ ಒಣಹವೆಯ ದಿನ ನೋಡಿ ಬಟ್ಟೆಗಳನ್ನು ನೆರಳಲ್ಲಿ ಹರವುವ ಮುಶಿಬೋಶಿ ಎಂಬ ಪದ್ಧತಿಯೇ ಇದೆ. ನೀವು ಅಂಗಡಿಯಿಂದ ತಂದ ಉಣ್ಣೆಬಟ್ಟೆಯನ್ನು ಕೆಲಸ ಶುರು ಮಾಡುವ ಮುಂಚೆ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಪೆಟ್ಟಿಗೆಯಲ್ಲಿ ಕರ್ಪೂರ ಮತ್ತು ನುಸಿ ಗುಳಿಗೆ ಎರಡನ್ನೂ ಒಟ್ಟಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅವೆರಡೂ ಸೇರಿದರೆ ಕರಗಿ ಎಣ್ಣೆಯಂತಾಗಿ ಬಟ್ಟೆಗೆ ಇಳಿಯುತ್ತವೆ, ಆ ಕಲೆ ಹೋಗುವುದಿಲ್ಲ.

ಸೂಜಿಮೊನೆ

ಮೂವರಿಗೂ ಮನಸಾರೆ ಧನ್ಯವಾದ. ಮೆಲ್ಟನ್ ತುಂಡಿನ ಮೇಲೆ 6 ಸೆಂ.ಮೀ.ನ ಒಂದು, 2 ಸೆಂ.ಮೀ.ನ ಒಂದು ಬಿಲ್ಲೆ ಕೂರಿಸಿ ನೋಡಿದೆ. ದೊಡ್ಡದು ಚಪ್ಪಟೆಯಾಗಿ ಕೂತಿದೆ. ಚಿಕ್ಕದು ಮಾತ್ರ ನಡುವೆ ಗುಬುಟಿನಂತೆ ಉಬ್ಬುತ್ತಿದೆ. ಇಸ್ತ್ರಿಗೆ ಇಳಿದು, ತಣ್ಣಗಾದ ಮೇಲೆ ಮತ್ತೆ ಏಳುತ್ತದೆ. ಎರಡಕ್ಕೂ ಅರ್ಧ ಮಿಲಿಮೀಟರೇ ಹೆಚ್ಚಿಗೆ ಬಿಟ್ಟಿದ್ದೆ.

ಹಾಸುಹೊಕ್ಕು

ತಪ್ಪು ನಾನು ಕೊಟ್ಟ ಅಳತೆಯದು, ಎಲ್ಲ ಬಿಲ್ಲೆಗೂ ಒಂದೇ ಲೆಕ್ಕ ಹೇಳಬಾರದಿತ್ತು. ಸುತ್ತಲೂ ಅರ್ಧ ಮಿಲಿಮೀಟರ್ ಎಂದರೆ ಅಡ್ಡಗಲಕ್ಕೆ 1 ಮಿ.ಮೀ. 6 ಸೆಂ.ಮೀ. ಬಿಲ್ಲೆಯಲ್ಲಿ ಅದು 60ಕ್ಕೆ 1, ಬಟ್ಟೆ ನುಂಗಿಕೊಳ್ಳುತ್ತದೆ. 2 ಸೆಂ.ಮೀ. ಬಿಲ್ಲೆಯಲ್ಲಿ 20ಕ್ಕೆ 1, ನುಂಗಿಕೊಳ್ಳಲು ಜಾಗವಿಲ್ಲ, ಹೆಚ್ಚಿನ ಬಟ್ಟೆ ಮೇಲಕ್ಕೆ ಏಳಲೇಬೇಕು. 3 ಸೆಂ.ಮೀ.ಗಿಂತ ಚಿಕ್ಕ ಬಿಲ್ಲೆಗಳನ್ನು ತೂತಿನ ಅಳತೆಗೇ ಸರಿಯಾಗಿ ಕತ್ತರಿಸಿ, ಹೊಲಿಗೆಗಳ ಅಂತರವನ್ನು 1.5 ಮಿ.ಮೀ.ಗೆ ಇಳಿಸಿ. ಬಿಗಿಯನ್ನು ಅಳತೆಯಿಂದಲ್ಲ, ಹೊಲಿಗೆಯಿಂದ ತೆಗೆಯಿರಿ.

ಈಗಿರುವ ತುಂಡನ್ನು ಉಳಿಸಬೇಕೆಂದರೆ ಬಿಲ್ಲೆಯ ಹೊಲಿಗೆಯನ್ನು ಅರ್ಧ ಸುತ್ತು ಬಿಚ್ಚಿ, ಬಿಲ್ಲೆಯ ಅಂಚನ್ನಷ್ಟೇ ಬ್ಲೇಡಿನಿಂದ ಕೂದಲೆಳೆಯಷ್ಟು ಸವರಿ, ಮತ್ತೆ ಹೊಲಿಯಿರಿ. ತೂತಿನ ಅಂಚಿಗೆ ಕೈ ಹಚ್ಚಬೇಡಿ. ಬಿಲ್ಲೆ ಕೆಟ್ಟರೆ ಇನ್ನೊಂದು ಕತ್ತರಿಸಬಹುದು, ತೂತು ಕೆಟ್ಟರೆ ಇಡೀ ಬೆನ್ನೇ ಹೋಯಿತು. ಒಂದು ಮಾತು ಬಿಟ್ಟಿದ್ದೆ: ಪೂರ್ತಿ ಬೆನ್ನಿಗೆ ಕೈ ಹಾಕುವಾಗ ತೂತುಗಳನ್ನೆಲ್ಲ ಒಟ್ಟಿಗೆ ಕತ್ತರಿಸಿಟ್ಟುಕೊಳ್ಳಬೇಡಿ. ಜಾಲರಿಯಂತಾದ ಬಟ್ಟೆ ತನ್ನ ಭಾರಕ್ಕೇ ಜಗ್ಗಿ ಗುಂಡು ತೂತೆಲ್ಲ ಮೊಟ್ಟೆಯಾಗುತ್ತದೆ. ಒಂದು ಕತ್ತರಿಸಿ, ಕೂರಿಸಿ, ಹೊಲಿದು, ಆಮೇಲೆ ಮುಂದಿನದು. ಬೆನ್ನಿನ ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಹೋಗಿ.